ಮಂದಿ ಮಕ್ಕಳಿಗೆಂದು ಮಾಡಿದ ಪ್ರಾರ್ಥನೆ

ಪ್ರಾರ್ಥನೆ ಮಾಡುವವರಲ್ಲಿ ಎರಡು ಬಗೆ. ದೇವರಿಗೆ ಕೇಳಿಸಲಿ ಎಂದು ಮಾಡುವವರು, ಪಕ್ಕದಲ್ಲಿ ಕುಳಿತವರಿಗೆ ಕೇಳಿಸಲಿ ಎಂದು ಮಾಡುವವರು. ಮೊದಲನೆಯವರ ದನಿ ಸಣ್ಣದು; ದೇವರು ಹತ್ತಿರದಲ್ಲೇ ಇದ್ದಾನೆಂಬ ಭರವಸೆ ಅವರಿಗೆ. ನನ್ನ ದನಿ ದೊಡ್ಡದು. ಹಾನಗಲ್ಲಿನ ನಮ್ಮ ಸಣ್ಣ ಚರ್ಚಿನಲ್ಲಿ ಮೈಕು ಕೆಟ್ಟ ಭಾನುವಾರ ಬೈಬಲ್ ಓದಲು ಫಾದರ್ ನನ್ನ ಕಡೆಗೇ ನೋಡುತ್ತಾರೆ. ನಾನು ಓದಿದರೆ ಹೊರಗೆ ಚಪ್ಪಲಿ ಬಿಡುತ್ತಿರುವವರಿಗೂ ಕೇಳುತ್ತದೆ, ರಸ್ತೆಯಾಚೆ ಚಹಾ ಕುಡಿಯುತ್ತಿರುವವರಿಗೂ ಕೇಳುತ್ತದೆ. ಹೀಗಿರುವಾಗ ದೇವರಿಗೂ ಕೇಳಿಸಬಹುದು ಎಂದು ನಾನು ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ. ಸಮಾಜ ವಿಜ್ಞಾನದ ಮಾಸ್ತರ ನಾನು, ಲೆಕ್ಕ ನನ್ನ ವಿಷಯವಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು. ಇದನ್ನು ಆರಂಭದಲ್ಲೇ ಹೇಳಿಬಿಡದಿದ್ದರೆ ನನಗೆ ಮುಂದಿನ ಮಾತು ಬಾಯಿಗೆ ಬರುವುದಿಲ್ಲ. ನಮ್ಮಪ್ಪ ಇನ್ನಾಸಪ್ಪ ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ಅವ್ವ ಇಟ್ಟಂಗಿ ಭಟ್ಟಿಗೆ ಹೋಗುತ್ತಿದ್ದಳು. ನಾನು ಕಾಲೇಜಿನ ರಜೆಯಲ್ಲೆಲ್ಲ ಅದೇ ಭಟ್ಟಿಯಲ್ಲಿ ಇಟ್ಟಂಗಿ ಹೊತ್ತು, ಬಿ.ಎ. ಮಾಡಿ, ಬಿ.ಎಡ್. ಮಾಡಿ, ಈಗ ಅಕ್ಕಿಆಲೂರು ಕಡೆಯ ಒಂದು ಹೈಸ್ಕೂಲಿನಲ್ಲಿದ್ದೇನೆ. ಮನೆಯ ಬಾಗಿಲಿನ ಫಲಕದಲ್ಲಿ ನನ್ನ ಹೆಸರಿಗಿಂತ ಡಿಗ್ರಿಯ ಅಕ್ಷರಗಳು ತುಸು ದಪ್ಪಗಿವೆ. ಪೇಂಟರ್ ತಪ್ಪು ಮಾಡಿದನೆಂದು ಬಂದವರಿಗೆ ಹೇಳುತ್ತೇನೆ. ಪೇಂಟರನಿಗೆ ಹೇಳಿದ್ದು ಬೇರೆ.

ಕಷ್ಟಪಟ್ಟು ಕಲಿತವನಿಗೆ ಸಿಟ್ಟು ಬೇಗ ಬರುತ್ತದೆ. ಯಾಕೆಂದರೆ ಮನೆಯಲ್ಲಿ ಉಳಿದವರೆಲ್ಲ ಸುಖವಾಗಿರುವುದು ಅವನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ನನ್ನ ಸಿಟ್ಟಿಗೆ ಒಂದು ಪೀಠಿಕೆ ಇದೆ: "ನಾ ಕಲೀಬೇಕಾದ್ರ." ಇಷ್ಟು ಹೇಳಿ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಮಗ ಪ್ರವೀಣ ಬೆನ್ನು ಬಾಗಿಸಿ ಇಟ್ಟಂಗಿ ಹೊರುವವರಂತೆ ನಿಲ್ಲುತ್ತಾನೆ, ಮಗಳು ಜೆಸಿಂತಾ ಬಾಯಿಗೆ ಓಡಣಿ ಒತ್ತಿಕೊಂಡು ಅಡಿಗೆಮನೆಗೆ ಹೋಗುತ್ತಾಳೆ. ಹೆಂಡತಿ ರೀಟಾ ಮಾತ್ರ ಪೂರ್ತಿ ಕೇಳುತ್ತಾಳೆ. ಕೇಳಿ ಕೊನೆಗೆ, "ಆತಿಲ್ರಿ? ರೊಟ್ಟಿ ಆರಾಕತ್ತಾವು" ಎನ್ನುತ್ತಾಳೆ.

ಹೋದ ವರ್ಷದ ಮಾತು, ನಮ್ಮ ತಪಸ್ಸುಕಾಲ ಶುರುವಾಯಿತು. ಯೇಸು ಸತ್ತು ಮತ್ತೆ ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಾವು ಕಥೋಲಿಕರು ಏನಾದರೊಂದು ಬಿಡಬೇಕು. ಮಾಂಸ ಬಿಡುವವರಿದ್ದಾರೆ, ಕುಡಿತ ಬಿಡುವವರಿದ್ದಾರೆ. ಜಾಣರು ಹಾಗಲಕಾಯಿ ಬಿಡುತ್ತಾರೆ. ನಮ್ಮಪ್ಪ ಬೀಡಿ ಬಿಡುತ್ತಿದ್ದರು. ಬೀಡಿ ಬಿಟ್ಟ ಇನ್ನಾಸಪ್ಪನ ಎದುರಿಗೆ ಹೋಗಲು ಓಣಿಯ ನಾಯಿಗಳೂ ಹೆದರುತ್ತಿದ್ದವು. ಪಾಸ್ಕಕ್ಕೆ ಇನ್ನೊಂದು ವಾರವಿರುವ ಗರಿಗಳ ಭಾನುವಾರ ಬರುವಷ್ಟರಲ್ಲಿ ನಮ್ಮವ್ವ ತಾನೇ ಹೋಗಿ ಒಂದು ಕಟ್ಟು ತಂದು ಮಾಡದಲ್ಲಿಟ್ಟು, "ಯೇಸುಸ್ವಾಮಿ ಎಲ್ಲಾ ಬಲ್ಲ, ಒಂದು ಸೇದ್ರಿ" ಎಂದು ಬೇಡಿಕೊಳ್ಳುತ್ತಿದ್ದಳು. ಒಬ್ಬನ ತಪಸ್ಸಿನ ಭಾರ ಮನೆಯವರೆಲ್ಲ ಹೊರಬೇಕಾಗುತ್ತದೆ ಎಂಬ ಪಾಠ ನನಗೆ ಅಲ್ಲೇ ಸಿಕ್ಕಿತ್ತು. ಆದರೆ ಕಲಿತದ್ದನ್ನೆಲ್ಲ ಉಪಯೋಗಿಸಿದ್ದರೆ ನಾನು ಇಷ್ಟೊತ್ತಿಗೆ ಹೆಡ್‌ಮಾಸ್ತರ ಆಗಿರುತ್ತಿದ್ದೆ.

ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಸಂಜೆ ಪೂಜೆ ಮುಗಿಯಿತು. ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಉಪವಾಸ ಮಾಡುವುದನ್ನು ಯಾರಿಗೂ ತೋರಗೊಡಬೇಡಿ, ಗುಟ್ಟಾಗಿ ಮಾಡಿ ಎಂಬ ಸುವಾರ್ತೆ ವಾಕ್ಯವನ್ನು ಆ ದಿನವೇ ಓದುವುದು ನಮ್ಮ ವಾಡಿಕೆ. ಅದನ್ನು ಕೇಳಿ ಹೊರಗೆ ಬಂದು ಬೂದಿ ಆರುವ ಮೊದಲೇ ನಾನು ಫಾದರ್ ಹತ್ತಿರ ಹೋಗಿ, ನನ್ನ ಎಂದಿನ ದನಿಯಲ್ಲಿ, "ಫಾದರ್, ಈ ಸಲ ಮಟನ್ ಗಿಟನ್ ಅಲ್ಲ. ನಾ ಸಿಟ್ಟು ಬಿಡ್ತೇನಿ. ಪಾಸ್ಕದ ತನಕ ಮನ್ಯಾಗ ಒಂದು ಬಿರುಸು ಮಾತು ಆಡಂಗಿಲ್ಲ" ಎಂದೆ. ಅಂಗಳದವರೆಲ್ಲ ಈ ಕಡೆ ತಿರುಗಿದರು. ಫಾದರ್ ನಮಗಿಂತ ಚಿಕ್ಕವರು, ಮುಂಡಗೋಡ ಕಡೆಯವರು. ಅವರು ಮೊದಲು ನನ್ನನ್ನು ನೋಡಿ, ಆಮೇಲೆ ರೀಟಾಳನ್ನು ನೋಡಿ, "ಕಠಿಣ ಐತ್ರಿ ಸರ. ಮಟನ್ ಬಿಡೂದು ಸರಳಿತ್ತು" ಎಂದರು. ರೀಟಾಳೂ ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದ ಅರ್ಥ ನನಗೆ ತಿಳಿದದ್ದು ಮನೆಗೆ ಹೋದ ಮೇಲೆ.

ದಾರಿಯಲ್ಲಿ ನೆರೆಮನೆಯ ಬಸವಣ್ಣೆಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಹಣೆಯ ತುಂಬ ದಿನವೂ ವಿಭೂತಿ. ನನ್ನ ಹಣೆ ನೋಡಿ, "ಅಂತೂ ಇವತ್ತ ನಮ್ಮ ಸಾಲಿಗೆ ಬಂದ್ರಿ ಸರ. ಕುಂಡ್ರಿ, ಚಾ ಕುಡೀರಿ" ಎಂದು ವರ್ಷಕ್ಕೊಮ್ಮೆ ಮಾಡುವ ಹಾಸ್ಯ ಮಾಡಿದರು. ನಾನು ಸಿಟ್ಟು ಬಿಟ್ಟ ವಿಷಯ ಅವರಿಗೂ ಹೇಳಿದೆ. ಗುಟ್ಟಿನ ಉಪವಾಸ ಹೀಗೆ ಓಣಿ ಮುಟ್ಟಿತು.

ಮನೆಯಲ್ಲಿ ನಾನು ಚಪ್ಪಲಿ ಬಿಡುವುದನ್ನೇ ಕಾಯುತ್ತಿದ್ದವನಂತೆ ಪ್ರವೀಣ ಬಂದು ನಿಂತ. "ಅಪ್ಪಾ, ಇವತ್ತಿಂದ ಚಾಲೂ ಹೌದಲ್ಲ?" ಏನು ಎಂದೆ. "ಸಿಟ್ಟು ಬಿಡೂದು." ಹೌದು ಎಂದೆ. "ಹಂಗಾರ ಗಣಿತದಾಗ ನಾ ಫೇಲ್ ಆಗೇನಿ. ಹೋದ ಪರೀಕ್ಷ್ಯಾಗೂ ಆಗಿದ್ದೆ. ಅವಾಗ ಹೇಳಿದ್ದಿಲ್ಲ." ನನ್ನ ಬಾಯಿ 'ನಾ' ಎಂಬಲ್ಲಿಗೆ ತೆರೆದು ನಿಂತಿತು. 'ಕಲೀಬೇಕಾದ್ರ' ಹೊರಗೆ ಬರಲಿಲ್ಲ. "ಆಗ್ಲಿ ತಮ್ಮಾ, ಇನ್ನೊಮ್ಮೆ ಓದು" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಯಾರೋ ಆಕಾಶವಾಣಿಯಲ್ಲಿ ರೈತರಿಗೆ ಸಲಹೆ ಕೊಡುತ್ತಿದ್ದ ಹಾಗಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಸುಗ್ಗಿ ಶುರುವಾಯಿತು. ಯಜಮಾನ ಸಿಟ್ಟಾಗುವ ಹಾಗಿಲ್ಲ ಎಂದಾದ ಮೇಲೆ ಮನೆಯೊಳಗೆ ಮುಚ್ಚಿಟ್ಟ ಸಂಗತಿಗಳೆಲ್ಲ ಒಂದೊಂದಾಗಿ ಬೆಳಕಿಗೆ ಬಂದವು. ಸ್ಕೂಟರಿನ ಕನ್ನಡಿ ಒಡೆದದ್ದು ದನ ಹಾಯ್ದಲ್ಲ. ನನ್ನ ದೊಡ್ಡ ಮೊಬೈಲು ನೀರಿನ ಬಕೆಟ್ಟಿನಲ್ಲಿ ತಾನಾಗಿಯೇ ಬಿದ್ದದ್ದಲ್ಲ. ಪಾಪನಿವೇದನೆ ಕೇಳುವ ಫಾದರ್ ಬಳಿ ಆ ದಿನಗಳಲ್ಲಿ ಎಷ್ಟು ಜನ ಹೋಗುತ್ತಿದ್ದರೋ, ನಮ್ಮ ಮನೆಯಲ್ಲಿ ನನ್ನ ಮುಂದೆ ಮಾತ್ರ ಸಾಲು ತಪ್ಪಲಿಲ್ಲ. ವ್ಯತ್ಯಾಸ ಇಷ್ಟೇ, ಫಾದರ್ ಪ್ರಾಯಶ್ಚಿತ್ತ ಕೊಡುತ್ತಾರೆ. ನನಗೆ ಅದನ್ನೂ ಕೊಡುವ ಅಧಿಕಾರ ಇರಲಿಲ್ಲ.

ರೀಟಾ ಮೊದಲ ವಾರ ಸುಮ್ಮನಿದ್ದಳು. ಎರಡನೆಯ ವಾರ ಅವಲಕ್ಕಿ ಬಡಿಸುತ್ತ, "ಏನ್ರಿ, ನಿಮ್ಮ ಡಿಗ್ರಿ ಕೋಟು ಹುಡುಕ್ತಿದ್ರಲ್ಲ" ಎಂದಳು. ಘಟಿಕೋತ್ಸವಕ್ಕೆಂದು ಹೊಲಿಸಿದ ಕೋಟು ಅದು. ಅದನ್ನು ಹಾಕಿಕೊಂಡು ತೆಗೆಸಿದ ಫೋಟೋ ಈಗಲೂ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿದೆ. "ಸಿಕ್ತೇನು?" ಎಂದೆ. "ಸಿಗಂಗಿಲ್ಲ. ಕ್ರಿಸ್ಮಸ್ಸಿಗೆ ಮನಿ ಸ್ವಚ್ಛ ಮಾಡೂ ಮುಂದ ಭಾಂಡೆ ಮಾರಾಕಿಗೆ ಹಾಕಿದೆ. ಹಳೇ ಅರಿವಿಗೆ ಸ್ಟೀಲಿನ ಡಬ್ಬಿ ಕೊಡ್ತಾಳಲ್ಲ, ಆಕಿಗೆ." ನಾನು ಚಮಚ ಕೆಳಗಿಟ್ಟೆ. "ಎಂಥಾ ಡಬ್ಬಿ?" ಎಂದೆ. "ಈ ಅವಲಕ್ಕಿ ಇಟ್ಟಿದ್ದ ಡಬ್ಬಿ. ಛಲೋ ಗಟ್ಟಿ ಐತಿ. ಇರುವಿ ಹೋಗಂಗಿಲ್ಲ." ಇಷ್ಟು ದಿನ ನಾನು ಬೆಳಿಗ್ಗೆ ಬೆಳಿಗ್ಗೆ ನನ್ನ ಘಟಿಕೋತ್ಸವವನ್ನೇ ಒಗ್ಗರಣೆ ಹಾಕಿಸಿಕೊಂಡು ತಿನ್ನುತ್ತಿದ್ದೆ. ಮೇಲಿಂದ ಶೇಂಗಾ ಬೇರೆ.

ಶಾಲೆಯಲ್ಲಿ ನನ್ನ ಪಕ್ಕದ ಕುರ್ಚಿಯ ದಸ್ತಗೀರ ಸರ್ ಸವಣೂರಿನವರು, ಕನ್ನಡ ಕಲಿಸುತ್ತಾರೆ. ಆ ವರ್ಷ ಅವರ ರಂಜಾನ್ ಉಪವಾಸವೂ ನಮ್ಮ ತಪಸ್ಸುಕಾಲವೂ ಜೊತೆಜೊತೆಯಾಗಿ ಬಂದಿದ್ದವು. ಮಧ್ಯಾಹ್ನ ಉಳಿದವರು ಬುತ್ತಿ ಬಿಚ್ಚಿದಾಗ ನಾವಿಬ್ಬರೂ ಬೇವಿನ ಗಿಡದ ಕೆಳಗೆ ಹೋಗಿ ಕುಳಿತುಕೊಳ್ಳುತ್ತಿದ್ದೆವು. ಅವರಿಗೆ ಉಪವಾಸ, ನನಗೆ ಹೊಟ್ಟೆ ತುಂಬ ಸಿಟ್ಟು. ಕೋಟಿನ ಕತೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ನಮ್ದು ಸರಳ ಐತ್ರಿ ಸರ. ಹೊತ್ತು ಮುಳುಗಿದ್ರ ಬಿಡ್ತೈತಿ. ನಿಮ್ದು ಹೊತ್ತು ಮುಳುಗಿದ ಮ್ಯಾಲ ಚಾಲೂ ಆಗ್ತೈತಿ" ಎಂದರು. ಶಾಲೆಯಲ್ಲಿ ನಾನು ಹುಡುಗರನ್ನು ಬೈಯುವುದನ್ನು ಅವರು ಗಮನಿಸಿದ್ದರು. ಅದರ ಬಗ್ಗೆ ಕೇಳಿದಾಗ, ಅದು ಸರ್ಕಾರಿ ಸಿಟ್ಟು, ವ್ರತಕ್ಕೆ ಸಂಬಂಧಪಟ್ಟದ್ದಲ್ಲ ಎಂದೆ. "ಹಂಗಾದ್ರ ನಾನೂ ಶಾಲ್ಯಾಗ ಸರ್ಕಾರಿ ಊಟ ಮಾಡ್ಲಿ?" ಎಂದು ಬಿಸಿಯೂಟದ ಕೋಣೆಯ ಕಡೆ ನೋಡಿದರು.

ಇಷ್ಟೆಲ್ಲ ಸಣ್ಣಪುಟ್ಟ ಸಂಗತಿ. ದೊಡ್ಡದು ಬಂದದ್ದು ನಮ್ಮ ಜಪಮಾಲೆಯ ಹೊತ್ತಿಗೆ.

ನಮ್ಮ ಮನೆಯಲ್ಲಿ ದಿನವೂ ಸಂಜೆ ಜಪಮಾಲೆ ಹೇಳುತ್ತೇವೆ. ಟಿ.ವಿ. ಆರಿಸಿ, ಪಟದ ಮುಂದೆ ಮೇಣದಬತ್ತಿ ಹಚ್ಚಿ, ಚಾಪೆಯ ಮೇಲೆ ಮೊಣಕಾಲೂರುತ್ತೇವೆ. ಜಪ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಬಿನ್ನಹ ಹೇಳಬೇಕು, ಉಳಿದವರು ಒಟ್ಟಾಗಿ, "ಪ್ರಭುವೇ, ನಮ್ಮ ಮೊರೆ ಆಲಿಸು" ಎನ್ನಬೇಕು. ರೀಟಾ ತವರಿನವರಿಗಾಗಿ ಬೇಡುತ್ತಾಳೆ. ಪ್ರವೀಣ ಕ್ರಿಕೆಟ್ಟಿಗಾಗಿ ಬೇಡುತ್ತಾನೆ, ಮೇಲೆ ಮಾತ್ರ 'ಲೋಕಶಾಂತಿ' ಎಂದು ಹೊದಿಕೆ ಹೊದಿಸುತ್ತಾನೆ. ನನ್ನ ಬಿನ್ನಹ ವರ್ಷಗಳಿಂದ ಒಂದೇ: "ನಮ್ಮ ಧರ್ಮಕೇಂದ್ರದ ಮನೆಮನೆಗಳಿಂದ ಯುವಕ ಯುವತಿಯರು ದೇವರ ಕರೆಗೆ ಓಗೊಟ್ಟು ಗುರುಗಳೂ ಕನ್ಯಾಸ್ತ್ರೀಯರೂ ಆಗಲಿ." ಭಾನುವಾರ ಚರ್ಚಿನಲ್ಲಿಯೂ ನಾನು ಇದನ್ನೇ ಹೇಳುವುದು. ಕೇಳಲು ಭಾರಿ ಚಂದ. 'ಓಗೊಟ್ಟು' ಎಂಬಲ್ಲಿ ನಾನು ದನಿಯನ್ನು ತುಸು ಎಳೆಯುತ್ತೇನೆ. ಮನೆಮನೆ ಎಂದಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಮೂಲೆಯ ಅಂತೋನಪ್ಪನ ಮನೆ, ಅವನಿಗೆ ನಾಲ್ಕು ಹೆಣ್ಣುಮಕ್ಕಳು. ಬಡಿಗ ಚಿನ್ನಪ್ಪನ ಮನೆ, ಅವನ ಮಗ ಹೇಗೂ ಏನೂ ಮಾಡುತ್ತಿಲ್ಲ. ನಮ್ಮ ಮನೆಯ ನಂಬರನ್ನು ನಾನು ದೇವರಿಗೆ ಕೊಟ್ಟಿರಲಿಲ್ಲ.

ಜೆಸಿಂತಾಳ ಪಿ.ಯು.ಸಿ. ಪರೀಕ್ಷೆ ಮುಗಿದ ದಿನ. ಬಿನ್ನಹಗಳಾದವು, ಶಿಲುಬೆಯ ಗುರುತು ಹಾಕಿಕೊಂಡೆವು. ಯಾರೂ ಏಳುವ ಮೊದಲೇ ಅವಳು, "ಅಪ್ಪಾ, ಒಂದ್ ಮಾತು" ಎಂದಳು. ನಾನು ನಗುಮುಖ ಮಾಡಿಕೊಂಡೆ. ಅಷ್ಟೊತ್ತಿಗೆ ನನಗೆ ಅಭ್ಯಾಸವಾಗಿತ್ತು. 'ಒಂದ್ ಮಾತು' ಎಂದ ಕೂಡಲೇ ಕೆನ್ನೆ ತಾವಾಗಿ ಮೇಲೇಳುತ್ತಿದ್ದವು. "ಪಾಸ್ಕ ಆದ ಮ್ಯಾಲ ಸಿಸ್ಟರ್‌ಗೋಳು ದೈವಕರೆ ಶಿಬಿರ ಮಾಡಾಕತ್ತಾರ. ಕಾನ್ವೆಂಟಿನ್ಯಾಗ ಇದ್ದು ನೋಡೂದು. ನಾ ಹೋಗ್ಬೇಕಂತೇನಿ." ಏನು ನೋಡುವುದು ಎಂದೆ. "ಸಿಸ್ಟರ್ ಆಗ್ಬೇಕೋ ಬ್ಯಾಡೋ ಅಂತ."

ಮೇಲೆದ್ದ ಕೆನ್ನೆಗಳನ್ನು ಕೆಳಗಿಳಿಸುವುದು ಹೇಗೆಂದು ತಿಳಿಯದೆ ನಾನು ಹಾಗೇ ನಗುತ್ತ ಕುಳಿತೆ. ಮೇಣ ಚಾಪೆಯ ಮೇಲೆ ತೊಟ್ಟಿಕ್ಕಿತು. ಪ್ರವೀಣ ನನ್ನ ಮುಖವನ್ನು ಟಿ.ವಿ. ನೋಡುವ ಹಾಗೆ ನೋಡುತ್ತಿದ್ದ. ಕೊನೆಗೆ ನಾನು, "ನೋಡೂಣು" ಎಂದೆ. ಅಡಿಗೆಮನೆಗೆ ಹೋಗಿ ರೀಟಾಳನ್ನು ಹಿಡಿದೆ. "ನಿನಗ ಗೊತ್ತಿತ್ತು?" ಎಂದು ಹಲ್ಲು ಕಚ್ಚಿ, ಆದರೆ ಮೆತ್ತಗೆ ಕೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. "ನನಗ್ಯಾಕ ಕೇಳ್ತೀರಿ? ವರ್ಷಗಟ್ಟಲೆ ದಿನಾ ಸಂಜೀಕ ದೇವ್ರಿಗೆ ಒದರಿ ಹೇಳಿದಾವ್ರು ನೀವು." ನಾನು ಬೇರೆಯವರ ಮಕ್ಕಳ ಬಗ್ಗೆ ಹೇಳಿದ್ದು ಎಂದೆ. "ಅದನ್ನ ಬಿಡಿಸಿ ಹೇಳ್ಬೇಕಿತ್ತು" ಎಂದು ಹಿಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು.

ಜೆಸಿಂತಾಳ ಬಗ್ಗೆ ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಬಿ.ಎಸ್ಸಿ., ಎಂ.ಎಸ್ಸಿ., ಆಮೇಲೆ ಕಾಲೇಜಿನಲ್ಲಿ ಲೆಕ್ಚರರ್. ಜಲ್ಲಿ ಒಡೆದ ಇನ್ನಾಸಪ್ಪನ ಮೊಮ್ಮಗಳು ಸ್ಟಾಫ್‌ರೂಮಿನಲ್ಲಿ ಫ್ಯಾನಿನ ಕೆಳಗೆ ಕುಳಿತಿರುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದೆ. ಬಾಗಿಲಿನ ಫಲಕದಲ್ಲಿ ನನ್ನ ಹೆಸರಿನ ಕೆಳಗೆ ಜಾಗ ಬಿಡಿಸಿದ್ದೂ ಅದಕ್ಕೇ. ಇದು ಹೊರಗೆ ಹೇಳುವ ಕಾರಣ. ಒಳಗಿನದು, ಬಿಸಿನೀರು ಕಾಯಿಸುವಾಗ ಒಲೆಯ ಮುಂದೆ ಕುಳಿತು ಅವಳು ಏನೋ ಗುನುಗುತ್ತಾಳೆ. ಶಾಲೆಗೆ ಹೊರಡುವಾಗ ನನ್ನ ಕಿಸೆಯ ಪೆನ್ನು ಸರಿಯಾಗಿದೆಯೋ ಎಂದು ನೋಡುತ್ತಾಳೆ. ಇಂಥವು ಮದುವೆ ಮಾಡಿ ಕೊಟ್ಟರೂ ಹೋಗುತ್ತವೆ, ನಿಜ. ಆದರೆ ಅಳಿಯನನ್ನಾದರೆ ಬೈಯಬಹುದು. ದೇವರನ್ನು ಬೈದು ಮಗಳನ್ನು ಹಬ್ಬಕ್ಕೆ ಕರೆತಂದವರನ್ನು ನಾನು ಕಂಡಿಲ್ಲ.

ಮರುದಿನದಿಂದ ನನ್ನ ಬಿನ್ನಹ ಬದಲಾಯಿತು. ಒಂದು ದಿನ ಮಳೆಗಾಗಿ ಬೇಡಿದೆ, ಇನ್ನೊಂದು ದಿನ ತಡಸ ರಸ್ತೆಯಲ್ಲಿ ಓಡಾಡುವ ವಾಹನಗಳಿಗಾಗಿ. ಸವಣೂರಿನ ಎಲೆಬಳ್ಳಿ ತೋಟಗಳ ರೋಗ ನಿವಾರಣೆಗಾಗಿಯೂ ಬೇಡಿದೆ. ನಮಗೆ ತೋಟವಿಲ್ಲ, ನಾನು ಎಲೆ ಹಾಕುವವನೂ ಅಲ್ಲ. ನನ್ನ ಸರದಿ ಮುಗಿದ ಕೂಡಲೇ ಜೆಸಿಂತಾ, ನಾನು ಬಿಟ್ಟ ಬಿನ್ನಹವನ್ನು ನನ್ನದೇ ಧಾಟಿಯಲ್ಲಿ, 'ಓಗೊಟ್ಟು' ಎಂಬಲ್ಲಿ ದನಿ ಎಳೆದು, ಸ್ಪಷ್ಟವಾಗಿ ಹೇಳುತ್ತಿದ್ದಳು. ನಾನು ಉತ್ತರ ಕೊಡಲೇಬೇಕು. ಆಲಿಸು ಎನ್ನುವುದನ್ನು ಆದಷ್ಟು ಸಣ್ಣ ದನಿಯಲ್ಲಿ ಅನ್ನುತ್ತಿದ್ದೆ. ಹಿಂದೆ ಕುಳಿತ ಪ್ರವೀಣ, "ಅಪ್ಪಾ, ಜೋರಾಗಿ ಅನ್ನು, ದೇವ್ರಿಗೆ ಕೇಳ್ಸಂಗಿಲ್ಲ" ಎನ್ನುತ್ತಿದ್ದ.

ತಡೆಯಲಾರದೆ ಫಾದರ್ ಹತ್ತಿರ ಹೋದೆ. ಅವರು ಚರ್ಚಿನ ಹಿಂದೆ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. "ಬರ್ರಿ ಸರ. ಜೆಸಿಂತಾ ಶಿಬಿರಕ್ಕೆ ಹೊಂಟಾಳಂತ. ಸಿಸ್ಟರ್ ಹೇಳಿದ್ರು. ಭಾಳ ಸಂತೋಷ" ಎಂದರು.

"ಇನ್ನೂ ಸಣ್ಣಾಕಿ ಅದಾಳ್ರಿ ಫಾದರ್."

"ನೀವು ಪ್ರಾರ್ಥನಾ ಮಾಡೂ ಮುಂದ ಇಷ್ಟು ವಯಸ್ಸಿನಾವ್ರು ಅಂತ ಹೇಳಿದ್ದಿಲ್ಲಲ್ರಿ."

"ಆಕಿಗೆ ಸಿಟ್ಟು ಭಾಳ. ಕಾನ್ವೆಂಟಿಗೆ ಹೊಂದೂದಿಲ್ಲ."

"ಸಿಟ್ಟು ಬಿಡಬಹುದಲ್ರಿ. ಮನ್ಯಾಗ ನೀವು ತೋರಿಸಿಕೊಟ್ಟೀರಿ." ಅವರು ಝಾರಿ ಕೆಳಗಿಟ್ಟರು. "ಆಕಿಗೆ ಬ್ಯಾಡ ಅಂತ ಹೇಳ್ಲಿಕ್ಕೆ ಬಂದೀರೋ, ಯಾಕ ಅಂತ ಕೇಳ್ಲಿಕ್ಕೆ ಬಂದೀರೋ?"

"ಬ್ಯಾಡ ಅಂತ."

"ಹಂಗಾರ ಯಾಕ ಅಂತ ಮೊದ್ಲ ಆಕಿನ್ನ ಕೇಳ್ರಿ. ಕೇಳೀರೇನು?"

ಕೇಳಿರಲಿಲ್ಲ. ಎಂದಿನಂತೆ ಸಿಟ್ಟಿಗೆದ್ದಿದ್ದರೆ ವಿಷಯ ಅಂದೇ ಮುಗಿಯುತ್ತಿತ್ತು. ನಾನು ಒದರುತ್ತಿದ್ದೆ, ಅವಳು ಅಳುತ್ತಿದ್ದಳು, ರೊಟ್ಟಿ ಆರುತ್ತಿದ್ದವು. ಸಿಟ್ಟು ಇಲ್ಲದ ಮನುಷ್ಯನಿಗೆ ಕೇಳುವುದೊಂದೇ ದಾರಿ. ಅಂದು ಸಂಜೆ ಅವಳು ಹಿತ್ತಲಲ್ಲಿ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಾಗ ಹೋಗಿ, "ಯಾಕವ್ವಾ, ಸಿಸ್ಟರ್ ಯಾಕ ಆಗ್ಬೇಕಂತಿ?" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಇದು ಪರೀಕ್ಷೆಯ ಪ್ರಶ್ನೆಯೋ ನಿಜವಾದ ಪ್ರಶ್ನೆಯೋ ಎಂದು. "ಆಗ್ಬೇಕಂತ ಇಲ್ಲಪ್ಪಾ. ನೋಡ್ಬೇಕು. ಆ ಕಾನ್ವೆಂಟಿನ ದವಾಖಾನಿ ಸಿಸ್ಟರ್ ಅದಾರಲ್ಲ, ಒಬ್ಬಾಕೇ ಸ್ಕೂಟರ್ ತಗೊಂಡು ಹಳ್ಳಿ ಹಳ್ಳಿ ತಿರುಗ್ತಾರ. ಎಲ್ಲಿಗೆ ಹೊಂಟಿ, ಯಾವಾಗ ಬರ್ತಿ, ಯಾರೂ ಕೇಳೂದಿಲ್ಲ. ಮುದುಕ್ಯಾರ ಕಾಲು ಒತ್ತತಾರ, ಬಿ.ಪಿ. ನೋಡ್ತಾರ, ಬೈತಾರ ಸೈತ. ಅವರನ್ನ ಕಂಡ್ರ ನನಗ ಹಂಗ ಇರ್ಬೇಕು ಅನ್ನಿಸ್ತೈತಿ. ಅದು ದೇವ್ರ ಕರೇನೋ, ಸ್ಕೂಟರಿನ ಆಸೇನೋ ನನಗ ತಿಳೀವಲ್ದು. ಅದಕ್ಕ ಹೋಗಿ ನೋಡ್ತೇನಿ ಅಂದದ್ದು." ಆಮೇಲೆ ಒಗೆದ ಬಟ್ಟೆಗಳನ್ನು ನನ್ನ ತೋಳಿಗೆ ಹಾಕುತ್ತ, "ನೀ ಸಿಟ್ಟಿನ್ಯಾಗಿದ್ರ ಇಷ್ಟು ಹೇಳ್ತಿದ್ದಿಲ್ಲ ನೋಡು" ಎಂದಳು. ನಾನು ಬಟ್ಟೆ ಹೊತ್ತು ನಿಂತೆ. ಹೋಗಿ ಬಾ ಎಂದೆ. ದನಿ ಈ ಸಲ ರೇಡಿಯೋದವರದಾಗಿರಲಿಲ್ಲ, ನನ್ನದೇ ಆಗಿತ್ತು, ಸ್ವಲ್ಪ ಒಡೆದಿತ್ತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಒಳ್ಳೆಯ ತಂದೆಯಾಗಿ ಉಳಿಯುತ್ತಿದ್ದೆ. ಆದರೆ ಒಪ್ಪಿಗೆ ಕೊಟ್ಟ ಸುದ್ದಿ ಚರ್ಚಿನಲ್ಲಿ ಹಬ್ಬಿತು. ಗರಿಗಳ ಭಾನುವಾರ ನಾನು ಗರಿ ಹಿಡಿದು ಒಳಗೆ ಬಂದಾಗ ಜನ ಸರಿದು ದಾರಿ ಬಿಟ್ಟರು. ಮುದುಕಿ ಮರಿಯಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ಪುಣ್ಯವಂತ ಇದ್ದೀಯಪ್ಪ, ಹೆತ್ತ ಮಗಳನ್ನ ದೇವ್ರಿಗೆ ಕೊಟ್ಟಿ" ಎಂದಳು. ಇನ್ನೂ ಕೊಟ್ಟಿಲ್ಲ, ನೋಡಿ ಬರಲು ಹೋಗುತ್ತಿದ್ದಾಳೆ ಎಂದು ನಾನು ಹೇಳಬೇಕಿತ್ತು. "ಎಲ್ಲಾ ದೇವ್ರ ಚಿತ್ತ ಅಜ್ಜಿ" ಎಂದೆ. ಆ ಮಾತು ನನ್ನ ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಪಾದ ತೊಳೆಯುವಾಗ ನನ್ನನ್ನು ಸಾಲಿನಲ್ಲಿ ಮೊದಲನೆಯವನಾಗಿ ಕೂರಿಸಿದರು. ನಾನು ಮನೆಯಲ್ಲೇ ಪಾದ ಉಜ್ಜಿಕೊಂಡು ಹೋಗಿದ್ದೆ.

ಹೀಗೆ ದುಃಖದೊಳಕ್ಕೆ ಮೆಲ್ಲಗೆ ಒಂದು ರುಚಿ ಸೇರಿಕೊಂಡಿತು. ಬಿಳಿಯ ಉಡುಪಿನ ಮಗಳು ವ್ರತ ಸ್ವೀಕರಿಸುವ ದಿನ. ಮುಂದಿನ ಬೆಂಚಿನಲ್ಲಿ ನಾನು ಮತ್ತು ರೀಟಾ, ಕೊರಳಲ್ಲಿ ಹಾರ. ಕೋಟು ಹೊಸದು ಹೊಲಿಸಬೇಕಾಗುತ್ತದೆ. ಬಿಷಪ್ಪರು ನನ್ನ ಕೈ ಕುಲುಕಿ ತಂದೆ ಏನು ಮಾಡಿಕೊಂಡಿದ್ದಾರೆ ಎಂದು ಕೇಳುತ್ತಾರೆ, ನಾನು ಡಿಗ್ರಿಗಳನ್ನು ಹೇಳುತ್ತೇನೆ. ಲೆಕ್ಚರರ ತಂದೆಯರು ತಾಲ್ಲೂಕಿನಲ್ಲಿ ಎಷ್ಟೋ ಜನ ಇದ್ದಾರೆ. ಸಿಸ್ಟರ ತಂದೆ ನಾನೊಬ್ಬನೇ ಆಗುತ್ತೇನೆ. ಬಸವಣ್ಣೆಪ್ಪನವರಿಗೆ ಹೇಳಿದೆ. ದಸ್ತಗೀರ ಸರ್‌ಗೆ ಹೇಳಿದೆ. ಶಿಗ್ಗಾಂವಿಯಲ್ಲಿರುವ ನನ್ನ ತಂಗಿಗೆ ಫೋನು ಮಾಡಿದೆ. ಹಿರೇಕೆರೂರಿನ ಷಡ್ಡಕನಿಗೂ ಮಾಡಿದೆ. ಅವನು ತನ್ನ ಮಗನ ನೌಕರಿಯ ಸುದ್ದಿಯನ್ನು ಮೂರು ವರ್ಷದಿಂದ ಹೇಳುತ್ತಲೇ ಬಂದವನು. "ನೌಕರಿ ಇವತ್ತು ಇರ್ತೈತಿ, ನಾಳೆ ಹೋಗ್ತೈತಿ. ನಮ್ಮ ಹುಡುಗಿದು ಹಂಗಲ್ಲ ನೋಡಪಾ" ಎಂದೆ. ರೀಟಾ ನನ್ನ ಹಿಂದೆಯೇ ನಿಂತು ಕೇಳುತ್ತಿದ್ದಳು. "ಆಕಿ ಇನ್ನೂ ಬಸ್ ಹತ್ತಿಲ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ದಿನಗಳಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಈರುಳ್ಳಿ ಹೆಚ್ಚದ ಹೊತ್ತಿನಲ್ಲೂ ಅವಳ ಕಣ್ಣು ಕೆಂಪಗಿರುತ್ತಿದ್ದದ್ದು ನನಗೆ ಕಾಣಲಿಲ್ಲ. ನಾನು ಬಿಷಪ್ಪರ ಜೊತೆ ಮಾತಿನಲ್ಲಿದ್ದೆ.

ಪಾಸ್ಕ ಬಂತು. ನಲವತ್ತು ದಿನ ಗೆದ್ದೆ. ಹಬ್ಬದ ಮಟನ್ ಉಂಡು, ಇನ್ನು ಸಿಟ್ಟು ಮಾಡಬಹುದು ಎಂದು ಮನೆಯವರ ಮುಂದೆ ಘೋಷಿಸಿದೆ. ಯಾರ ಮೇಲೂ ಬರಲಿಲ್ಲ. ಮಗಳನ್ನು ಸಿಸ್ಟರ್ ಜೊತೆ ಬಸ್ಸಿಗೆ ಕೂರಿಸಿ ಬಂದೆ. ಶಿಬಿರ ಮುಗಿದ ದಿನ ನಾನೂ ರೀಟಾಳೂ ಹಾನಗಲ್ ಬಸ್‌ಸ್ಟ್ಯಾಂಡಿಗೆ ಹೋದೆವು. ನಾನು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಜೆಸಿಂತಾ ಇಳಿದಳು, ಮುಖ ಬಿಸಿಲಿಗೆ ಕೆಂಪಗಾಗಿತ್ತು, ಭಾರಿ ಹಸಿದಿದ್ದಳು. ಮನೆಗೆ ಬಂದು ರೊಟ್ಟಿ, ಬದನೆಕಾಯಿ ಪಲ್ಯ ಮುಂದಿಟ್ಟುಕೊಂಡು, ನಾನು ಕೇಳುವ ಮೊದಲೇ ಹೇಳಿದಳು.

"ಭಾಳ ಛಲೋ ಇತ್ತಪ್ಪಾ. ಸಿಸ್ಟರ್‌ಗೋಳೂ ಭಾಳ ಛಲೋ. ಆದ್ರ ನನಗಲ್ಲ ಅದು. ದೊಡ್ಡ ಸಿಸ್ಟರ್ ಜೋಡಿ ಕುಂತು ಮಾತಾಡಿದೆ. ನಕ್ಕು, ನಿನಗ ಸದ್ಯಕ್ಕ ದೇವ್ರು ಸ್ಕೂಟರ್ ಓಡಿಸಾಕ ಕರ್ದಾನ, ಹೋಗಿ ಡಿಗ್ರಿ ಮುಗಿಸು ಅಂದ್ರು. ಬಿ.ಎಸ್ಸಿ. ನರ್ಸಿಂಗ್ ಮಾಡ್ತೇನಿ."

ರೀಟಾ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮತ್ತೆ ಇನ್ನೊಂದು. ಅವಳ ಮುಖ ಅರಳಿತ್ತು. ನಾನು ಯಾವುದು ಬೇಡವೆಂದು ಒದ್ದಾಡಿದ್ದೆನೋ ಅದು ತಪ್ಪಿಹೋಗಿತ್ತು. ಮಗಳು ಮನೆಯಲ್ಲೇ ಇರುತ್ತಾಳೆ, ಡಿಗ್ರಿಯೂ ಬರುತ್ತದೆ. ಕುಣಿಯಬೇಕಾಗಿತ್ತು ನಾನು. ನನ್ನ ಬಾಯಿಂದ ಬಂದದ್ದು ಬೇರೆ.

"ಅಷ್ಟು ಲಗೂ ಹೆಂಗ ಅಂತಿ? ಇನ್ನೊಮ್ಮೆ ವಿಚಾರ ಮಾಡು. ದೇವ್ರ ಕರೆ ಅಂದ್ರ ಚಾಷ್ಟಿ ಅಲ್ಲ. ಮಂದಿಗೆಲ್ಲ ಏನಂತ ಹೇಳ್ಲಿ? ನಾ ಕಲೀಬೇಕಾದ್ರ…"

ಪ್ರವೀಣ ಸದ್ದಿಲ್ಲದೆ ಎದ್ದು ಬೆನ್ನು ಬಾಗಿಸಿ ನಿಂತ. ರೀಟಾ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಹೇಳಿದಳು, "ಹೊಕ್ಕೇನಿ ಅಂದಾಗ ಮಾರಿ ಸಪ್ಪಗ, ಹೋಗಂಗಿಲ್ಲ ಅಂದ್ರ ಮಾರಿ ಕೆಂಪಗ. ನಿಮ್ಮ ಜೋಡಿ ದೇವ್ರಾದ್ರೂ ಏನ್ ಮಾಡ್ಬೇಕ್ರಿ?"

ಮರುದಿನ ಶಾಲೆಯಲ್ಲಿ ಬೇವಿನ ಗಿಡದ ಕೆಳಗೆ ದಸ್ತಗೀರ ಸರ್ ಎದುರು ಕುಳಿತು ಎಲ್ಲ ಹೇಳಿಕೊಂಡೆ. ಅವರು ಸವಣೂರಿನ ಖಾರದ ತಿಂಡಿಯ ಪೊಟ್ಟಣ ನನ್ನ ಮುಂದೆ ಸರಿಸಿ, ನಾನು ಒಂದು ಮುಷ್ಟಿ ತೆಗೆದುಕೊಳ್ಳುವ ತನಕ ಕಾದರು. "ಸರ, ನಿಮ್ಮ ಅಬ್ರಹಾಮ, ನಮ್ಮ ಇಬ್ರಾಹಿಂ ನಬಿ ಒಬ್ರ ಹೌದಲ್ರಿ? ದೇವ್ರಿಗೆ ಕೊಡ್ತೇನಂತ ಮಗನ್ನ ಗುಡ್ಡಕ್ಕ ಕರ್ಕೊಂಡು ಹೋದ್ರು. ಮಗ ಜೀವಂತ ಉಳಿದ ಅಂತ ನಾವು ಇವತ್ತಿಗೂ ಹಬ್ಬ ಮಾಡ್ತೇವಿ. ನೀವು ನೋಡಿದ್ರ ಮಗಳು ಮನೀಗೆ ಬಂದ್ಲು ಅಂತ ಮಾರಿ ಇಳಿಬಿಟ್ಟು ಕುಂತೀರಿ."

ಖಾರ ಅಗಿಯುತ್ತ ಯೋಚಿಸಿದೆ. ಅಬ್ರಹಾಮ ನನಗಿಂತ ದೊಡ್ಡ ಭಕ್ತ, ಒಪ್ಪುತ್ತೇನೆ. ಆದರೆ ಅವನಿಗೆ ಇನ್ನೊಂದು ಅನುಕೂಲವೂ ಇತ್ತು. ಗುಡ್ಡ ಹತ್ತುವ ಮೊದಲು ಅವನು ಜೊತೆಗೆ ಬಂದ ಆಳುಗಳಿಗೂ ಬಾಯಿ ಬಿಟ್ಟಿರಲಿಲ್ಲ. ಇಳಿದು ಬಂದು ಮಗನ ಕೈ ಹಿಡಿದು ಸುಮ್ಮನೆ ಮನೆಗೆ ನಡೆದ. ನಾನೋ, ಹಿರೇಕೆರೂರಿನ ತನಕ ಫೋನು ಮಾಡಿ ಕುಳಿತಿದ್ದೆ.